ಹುಬ್ಬಳ್ಳಿ–ಮಂಗಳೂರು: ನೇರ ಹಾರಿದರೆ 266 ಕಿಲೋಮೀಟರ್, ಬೆಂಗಳೂರು ಸುತ್ತಿದರೆ 676

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 266 ಕಿಲೋಮೀಟರ್ ಬರುತ್ತದೆ. ಜೆಟ್ ವಿಮಾನದ ವೇಗದಿಂದ ಭಾಗಿಸಿದರೆ ಇಪ್ಪತ್ತು ನಿಮಿಷದ ದಾರಿ. ದೂರ ಲೆಕ್ಕ ಹಾಕಿಕೊಡುವ ಎಷ್ಟೋ ಜಾಲತಾಣಗಳು ಇಂಥದ್ದೇ ಉತ್ತರ ಕೊಡುತ್ತವೆ. ಆದರೆ ಹುಬ್ಬಳ್ಳಿಯಿಂದ ಮಂಗಳೂರಿಗೆ ನಿಜವಾಗಿ ಹೋಗಬೇಕಾದವರಿಗೆ ಆ ಇಪ್ಪತ್ತು ನಿಮಿಷದಿಂದ ಏನೂ ಉಪಯೋಗವಿಲ್ಲ. ನೇರ ವಿಮಾನ ಸಿಗದ ದಿನ ಬೆಂಗಳೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ವಿಮಾನ ಹತ್ತಬೇಕು. ಆಗ ಆಕಾಶದಲ್ಲಿ ಸಾಗುವ ದೂರ 370 ಮತ್ತು 306 ಸೇರಿ ಸುಮಾರು 676 ಕಿಲೋಮೀಟರ್. ಮನೆ ಬಿಟ್ಟು ಮನೆ ಸೇರುವ ಹೊತ್ತಿಗೆ ಕಾರಿನಲ್ಲಿ ಹೋದಷ್ಟೇ ಸಮಯ ಆಗಿರುತ್ತದೆ.

ಎರಡು ಪ್ರಾದೇಶಿಕ ನಿಲ್ದಾಣಗಳ ನಡುವಿನ ಪ್ರಯಾಣದ ಸಮಯವನ್ನು ದೂರ ತೀರ್ಮಾನಿಸುವುದಿಲ್ಲ, ವೇಳಾಪಟ್ಟಿ ತೀರ್ಮಾನಿಸುತ್ತದೆ. ನಮ್ಮ ರಾಜ್ಯದಲ್ಲಿ ಒಂದರ ಮೇಲೊಂದು ವಿಮಾನ ನಿಲ್ದಾಣ ಕಟ್ಟುತ್ತಿರುವ ಈ ಹೊತ್ತಿನಲ್ಲಿ ಈ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಗೆರೆ ಮತ್ತು ದಾರಿ

266 ಎಂಬ ಸಂಖ್ಯೆಯನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು. ಹುಬ್ಬಳ್ಳಿ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 15.36 ಡಿಗ್ರಿಯಲ್ಲಿ. ಮಂಗಳೂರಿನದು 12.96 ಡಿಗ್ರಿ. ವ್ಯತ್ಯಾಸ 2.4 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 110.6 ಕಿಲೋಮೀಟರ್ ಹಿಡಿದರೆ 265 ಚಿಲ್ಲರೆ ಆಯಿತು. ರೇಖಾಂಶದಲ್ಲಿ ವ್ಯತ್ಯಾಸ ತೀರಾ ಕಡಿಮೆ, 0.2 ಡಿಗ್ರಿಯೂ ಇಲ್ಲ. ಹಾಗಾಗಿ ಈ ಗೆರೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ ಇಳಿಯುತ್ತದೆ. ಮುಂಡಗೋಡದ ಮೇಲೆ ಹಾದು, ಸಾಗರದ ಆಸುಪಾಸಿನಲ್ಲಿ ಶರಾವತಿ ಹಿನ್ನೀರಿನ ಸೀಮೆ ದಾಟಿ, ಘಟ್ಟ ಇಳಿದು ಕಾರ್ಕಳದ ಪಕ್ಕದಲ್ಲಿ ಹಾದು, ಮಂಗಳೂರು ನಿಲ್ದಾಣ ಇರುವ ಬಜಪೆ ತಲುಪುತ್ತದೆ. ಪೈಲಟ್‌ಗಳು ಇದನ್ನೇ ನಾಟಿಕಲ್ ಮೈಲಿಯಲ್ಲಿ 144 ಎಂದು ಓದುತ್ತಾರೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್.

ಈ ನೇರ ಗೆರೆಗೆ ಕಾಗದಪತ್ರದಲ್ಲಿಯೂ ಬೆಲೆ ಇದೆ. ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದ ಪ್ರಕಾರ, ಅದು ಶುರುವಾದ 25 ವರ್ಷಗಳ ತನಕ 150 ಕಿಲೋಮೀಟರ್ ವೈಮಾನಿಕ ದೂರದ ಒಳಗೆ ಇನ್ನೊಂದು ನಿಲ್ದಾಣ ಬರುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಬೆಂಗಳೂರು ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ, ಅಂದರೆ 2033ರವರೆಗೆ ಈ ಷರತ್ತು ಇರುತ್ತದೆ. ಪಕ್ಕದ ತಮಿಳುನಾಡು 2024ರಲ್ಲಿ ಹೊಸೂರಿನಲ್ಲಿ ವಿಮಾನ ನಿಲ್ದಾಣ ಕಟ್ಟುವುದಾಗಿ ಘೋಷಿಸಿದಾಗ ಎಲ್ಲರೂ ಮೊದಲು ನೋಡಿದ್ದು ಈ 150ರ ಲೆಕ್ಕವನ್ನೇ.

ನೆಲದ ಮೇಲಿನ ದಾರಿ ಬೇರೆಯೇ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ. ಅಲ್ಲಿಂದ ಕರಾವಳಿ ಹೆದ್ದಾರಿ ಹಿಡಿದು ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು. ಇಲ್ಲದಿದ್ದರೆ ಶಿರಸಿ ಮೇಲಿಂದ ದೇವಿಮನೆ ಘಟ್ಟ ಇಳಿಯಬೇಕು. ಯಾವ ಕಡೆ ಹೋದರೂ 350 ಕಿಲೋಮೀಟರ್ ಆಸುಪಾಸು ಆಗುತ್ತದೆ. ಕಾರಿನಲ್ಲಿ ಏಳೆಂಟು ಗಂಟೆ, ಬಸ್ಸಾದರೆ ಇಡೀ ರಾತ್ರಿ.

ರೈಲಿನ ಕಥೆ ಇನ್ನೂ ಉದ್ದ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ಅಟಲ್ ಬಿಹಾರಿ ವಾಜಪೇಯಿ ಪ್ರಧಾನಿಯಾಗಿದ್ದಾಗ ಶಂಕುಸ್ಥಾಪನೆ ಆಯಿತು. ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ, ಕೋರ್ಟು, ಅನುಮತಿಗಳ ನಡುವೆ ಅದು ಇಂದಿಗೂ ಸಿಕ್ಕಿಹಾಕಿಕೊಂಡಿದೆ. ವಿಜಯಪುರ–ಮಂಗಳೂರು ರೈಲು ಹುಬ್ಬಳ್ಳಿಯ ಮೇಲೆ ಬರುತ್ತದೆ, ಆದರೆ ದಾವಣಗೆರೆ, ಅರಸೀಕೆರೆ, ಹಾಸನ, ಸಕಲೇಶಪುರ ಸುತ್ತಿಕೊಂಡು ಹೋಗುತ್ತದೆ. ಸಂಜೆ ಹತ್ತಿದವರು ಬೆಳಗಾದ ಮೇಲೆ ಇಳಿಯುತ್ತಾರೆ.

ಮಳೆಗಾಲದಲ್ಲಿ ಇದೂ ಖಾತ್ರಿಯಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಕರಾವಳಿ ಹೆದ್ದಾರಿ ಹಲವು ದಿನ ಬಂದ್ ಆಯಿತು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಎಡಕುಮೇರಿ ಬಳಿ ರೈಲು ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ನಿಂತಿತು. ಶಿರಾಡಿ ಘಾಟಿಯಲ್ಲಿಯೂ ಆ ದಿನಗಳಲ್ಲಿ ಸಂಚಾರ ಅಸ್ತವ್ಯಸ್ತ. ಉತ್ತರ ಕರ್ನಾಟಕಕ್ಕೂ ಕರಾವಳಿಗೂ ನಡುವೆ ಇರುವುದು ಘಟ್ಟದ ಕೆಲವೇ ದಾರಿಗಳು. ಒಂದೇ ತಿಂಗಳಲ್ಲಿ ಎರಡು ಮೂರು ಮುಚ್ಚಿದರೆ ಜನ ಏನು ಮಾಡಬೇಕು? ಈ ಎರಡು ಊರುಗಳ ನಡುವೆ ವಿಮಾನ ಬೇಕು ಅನ್ನುವುದನ್ನು ಶೋಕಿಯ ಮಾತು ಎಂದು ತಳ್ಳಿಹಾಕುವವರು ಆ ಜುಲೈಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಇಪ್ಪತ್ತು ನಿಮಿಷ ಯಾಕೆ ಒಂದು ಗಂಟೆ ಆಗುತ್ತದೆ

ವಿಮಾನ ಟಿಕೆಟ್‌ನಲ್ಲಿ ಬರೆದಿರುವುದು ಹಾರಾಟದ ಸಮಯವಲ್ಲ, ಬ್ಲಾಕ್ ಟೈಮ್. ನಿಂತ ಜಾಗದಿಂದ ವಿಮಾನದ ಚಕ್ರ ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಚಕ್ರಕ್ಕೆ ಅಡ್ಡ ಇಡುವ ತನಕದ ಸಮಯ ಅದು. ರನ್‌ವೇ ತನಕ ಸಾಗುವುದು, ಸರದಿ ಕಾಯುವುದು, ಇಳಿದ ಮೇಲೆ ಟರ್ಮಿನಲ್ ಮುಂದೆ ಬಂದು ನಿಲ್ಲುವುದು ಎಲ್ಲ ಅದರಲ್ಲೇ ಸೇರಿದೆ.

ಗಾಳಿಗೇರಿದ ಮೇಲೂ ನೇರ ಗೆರೆ ಸಿಗುವುದಿಲ್ಲ. ಮಂಗಳೂರಿನ ರನ್‌ವೇ ಈಶಾನ್ಯದಿಂದ ನೈಋತ್ಯಕ್ಕೆ ಚಾಚಿದೆ. ಹುಬ್ಬಳ್ಳಿಯದು ಹೆಚ್ಚುಕಡಿಮೆ ಪೂರ್ವ–ಪಶ್ಚಿಮ. ನೇರ ದಕ್ಷಿಣಕ್ಕೆ ಹೋಗಬೇಕಾದ ವಿಮಾನ ಮೊದಲು ಪೂರ್ವಕ್ಕೋ ಪಶ್ಚಿಮಕ್ಕೋ ಏರಿ ತಿರುಗಬೇಕು. ಕೊನೆಯಲ್ಲಿ ಮತ್ತೆ ರನ್‌ವೇಯ ದಿಕ್ಕಿಗೆ ಸುತ್ತಿಕೊಂಡು ಬರಬೇಕು. ಅಲ್ಲಿಗೆ 266 ಎಂಬುದು ಮುನ್ನೂರರ ಹತ್ತಿರ ಬರುತ್ತದೆ.

ಜೆಟ್ ಹಾಕಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಬಹುದು. ಇಷ್ಟು ಸಣ್ಣ ದೂರದಲ್ಲಿ ಜೆಟ್ಟಿನ ವೇಗ ಕೆಲಸಕ್ಕೆ ಬರುವುದಿಲ್ಲ. ಏರ್‌ಬಸ್ ಎ320 ಎತ್ತರದಲ್ಲಿ ಗಂಟೆಗೆ 830 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುತ್ತದೆ. ಆದರೆ ಆ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷದಷ್ಟು ಬೇಕು, ಇಳಿಯಲು ಅದಕ್ಕಿಂತ ಜಾಸ್ತಿ. ಹತ್ತು ಸಾವಿರ ಅಡಿ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವಂತಿಲ್ಲ, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್. ಹುಬ್ಬಳ್ಳಿ–ಮಂಗಳೂರು ನಡುವೆ ಜೆಟ್ ಏರಿ ಮುಗಿಯುವ ಹೊತ್ತಿಗೆ ಇಳಿಯುವ ಸಮಯ ಬಂದಿರುತ್ತದೆ. ರೆಕ್ಕೆಯಲ್ಲಿ ಪ್ರೊಪೆಲ್ಲರ್ ಇರುವ ಎಟಿಆರ್ 72 ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ, ಕಡಿಮೆ ಎತ್ತರದಲ್ಲಿ, ಕಡಿಮೆ ಇಂಧನದಲ್ಲಿ ಅದೇ ಕೆಲಸ ಮಾಡುತ್ತದೆ. ಈ ದೂರದಲ್ಲಿ ಎರಡರ ನಡುವೆ ಹತ್ತು ನಿಮಿಷದ ವ್ಯತ್ಯಾಸ ಬಂದರೆ ಹೆಚ್ಚು. ಎಟಿಆರ್ ಹಾರಾಟ ನಲವತ್ತು ನಿಮಿಷದ ಆಸುಪಾಸು, ನೆಲದ ಮೇಲಿನ ಓಡಾಟ ಸೇರಿಸಿ ಬ್ಲಾಕ್ ಟೈಮ್ ಒಂದು ಗಂಟೆ. ಎಟಿಆರ್ ಹತ್ತಲು ಹಿಂದೆಮುಂದೆ ನೋಡುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಸಣ್ಣ ಊರುಗಳನ್ನು ಜೋಡಿಸಲು ಅದಕ್ಕಿಂತ ಹೊಂದುವ ವಿಮಾನ ಸದ್ಯಕ್ಕೆ ನಮ್ಮಲ್ಲಿ ಕಡಿಮೆ.

ಗಾಳಿಯದ್ದೂ ಒಂದು ಪಾತ್ರ ಇದೆ. ಮುಂಗಾರಿನಲ್ಲಿ ಕೆಳಮಟ್ಟದಲ್ಲಿ ಪಶ್ಚಿಮದಿಂದ ಬಿರುಸಾದ ಗಾಳಿ ಬೀಸುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಬರುವ ಎಟಿಆರ್‌ಗೆ ಅದು ಎದುರುಗಾಳಿ, ವಾಪಸ್ ಹೋಗುವಾಗ ಬೆನ್ನಿಗೆ. ಹುಬ್ಬಳ್ಳಿ–ಮಂಗಳೂರು ಉತ್ತರ–ದಕ್ಷಿಣದ ದಾರಿಯಾದ್ದರಿಂದ ಗಾಳಿ ಪಕ್ಕದಿಂದ ಬೀಸುತ್ತದೆ, ಸಮಯದಲ್ಲಿ ಅಷ್ಟು ಏರುಪೇರು ಆಗುವುದಿಲ್ಲ. ಆದರೆ ಮಂಗಳೂರಿನ ನಿಲ್ದಾಣ ಗುಡ್ಡದ ತಲೆಯ ಮೇಲಿದೆ. ಮಳೆಗಾಲದಲ್ಲಿ ಮೋಡ ರನ್‌ವೇಯ ಮಟ್ಟಕ್ಕೇ ಇಳಿಯುವುದುಂಟು. 2010ರ ಮೇ 22ರ ವಿಮಾನ ದುರಂತದಲ್ಲಿ 158 ಜನ ಸತ್ತ ಜಾಗ ಅದು. ಅಲ್ಲಿ ಇಳಿಯಲು ರನ್‌ವೇ ಕಾಣಿಸದಿದ್ದರೆ ಪೈಲಟ್ ಬೇರೆ ಊರಿಗೆ ತಿರುಗಿಸುವುದೇ ಸರಿ. ಆ ತಡವನ್ನು ಯಾರೂ ದೂರಬಾರದು. ಘಟ್ಟ ಮುಚ್ಚಿದಾಗ ವಿಮಾನ ಆಸರೆ ಎಂದು ಹೇಳುವಾಗ ಈ ಮಿತಿಯನ್ನೂ ಸೇರಿಸಿಯೇ ಹೇಳಬೇಕು.

ಮನೆಯಿಂದ ಮನೆಗೆ

ಈಗ ನಿಜವಾದ ಲೆಕ್ಕ ಹಾಕೋಣ. ಹುಬ್ಬಳ್ಳಿಯ ವಿದ್ಯಾನಗರದಿಂದ ಹೊರಟು ಮಂಗಳೂರಿನ ಹಂಪನಕಟ್ಟೆ ತಲುಪಬೇಕು. ನೇರ ವಿಮಾನ ಇದ್ದರೆ: ನಿಲ್ದಾಣಕ್ಕೆ ಅರ್ಧ ಗಂಟೆ, ಒಂದೂವರೆ ಗಂಟೆ ಮುಂಚೆ ಹೋಗಿ ಚೆಕ್‌–ಇನ್, ಸೆಕ್ಯುರಿಟಿ, ಬೋರ್ಡಿಂಗ್. ವಿಮಾನದಲ್ಲಿ ಒಂದು ಗಂಟೆ. ಇಳಿದು ಬ್ಯಾಗ್ ತೆಗೆದುಕೊಳ್ಳಲು ಇಪ್ಪತ್ತು ನಿಮಿಷ. ಬಜಪೆಯಿಂದ ಪೇಟೆಗೆ ನಲವತ್ತು ನಿಮಿಷ. ಒಟ್ಟು ನಾಲ್ಕು ಗಂಟೆ. ರಸ್ತೆಯ ಅರ್ಧ ಸಮಯ.

ಬೆಂಗಳೂರಿನ ಮೇಲೆ ಹೋದರೆ: ಅದೇ ಅರ್ಧ ಗಂಟೆ, ಅದೇ ಒಂದೂವರೆ ಗಂಟೆ. ಬೆಂಗಳೂರಿಗೆ ಒಂದೂಕಾಲು ಗಂಟೆ. ಅಲ್ಲಿ ಮುಂದಿನ ವಿಮಾನಕ್ಕೆ ಕಾಯುವುದು ಎರಡು ಗಂಟೆ, ಅದೂ ಅದೃಷ್ಟ ಚೆನ್ನಾಗಿದ್ದರೆ. ಮಂಗಳೂರಿಗೆ ಮತ್ತೆ ಒಂದು ಗಂಟೆ ಹತ್ತು ನಿಮಿಷ. ಬ್ಯಾಗು, ಪೇಟೆಯ ದಾರಿ ಸೇರಿ ಇನ್ನೊಂದು ಗಂಟೆ. ಒಟ್ಟು ಏಳು ಗಂಟೆ ಇಪ್ಪತ್ತೈದು ನಿಮಿಷ. ಕಾರಿನಲ್ಲಿ ಹೋಗಿದ್ದರೂ ಇಷ್ಟೇ ಅಲ್ವಾ? ದುಡ್ಡು ಮಾತ್ರ ಎರಡು ವಿಮಾನದ್ದು. ಎರಡನ್ನೂ ಬೇರೆ ಬೇರೆ ಟಿಕೆಟ್ ಮಾಡಿಸಿದ್ದು ಮೊದಲನೆಯದು ತಡವಾದರೆ ಎರಡನೆಯ ಟಿಕೆಟ್ಟೂ ಹೋಗುತ್ತದೆ. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿದ್ದರೆ ಕಂಪನಿಯೇ ಮುಂದಿನ ವಿಮಾನಕ್ಕೆ ಕೂರಿಸಬೇಕು. ಇದು ಗೊತ್ತಿಲ್ಲದೆ ಕಷ್ಟಕ್ಕೆ ಸಿಕ್ಕವರು ಬಹಳ.

ಇದು ಈ ಎರಡು ಊರಿನದ್ದಷ್ಟೇ ಸಮಸ್ಯೆಯಲ್ಲ. ಕಲಬುರಗಿಯಿಂದ ಮಂಗಳೂರಿಗೆ ನೇರ ಗೆರೆ ಸುಮಾರು 530 ಕಿಲೋಮೀಟರ್, ಬೆಂಗಳೂರು ಸುತ್ತಿದರೆ 770ರ ಹತ್ತಿರ. ಶಿವಮೊಗ್ಗದಿಂದ ಕಲಬುರಗಿಗೆ ನೇರ 410ರಷ್ಟು, ಬೆಂಗಳೂರು ಸುತ್ತಿದರೆ 700. ಎಲ್ಲ ದಾರಿಗಳೂ ಬೆಂಗಳೂರು ನಿಲ್ದಾಣ ಇರುವ ದೇವನಹಳ್ಳಿಗೆ ಹೋಗಿ ಅಲ್ಲಿಂದಲೇ ಹೊರಡುತ್ತವೆ. ಬೆಂಗಳೂರಿನಲ್ಲಿ ಕೆಲಸ ಇದ್ದವರಿಗೆ ಇದು ಅನುಕೂಲ. ಬೀದರಿನವರಿಗೂ ಕಲಬುರಗಿಯವರಿಗೂ ರಾಜಧಾನಿ ಒಂದೂವರೆ ಗಂಟೆಯೊಳಗೆ ಸಿಗುವಂತಾಗಿದ್ದು ಸಣ್ಣ ಮಾತಲ್ಲ. ಆದರೆ ಜಿಲ್ಲೆಯಿಂದ ಜಿಲ್ಲೆಗೆ ಹೋಗಬೇಕಾದವರು ಲೆಕ್ಕಕ್ಕೇ ಬರುವುದಿಲ್ಲ. ಹಾವೇರಿ, ಗದಗದಿಂದ ಮಣಿಪಾಲ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ರೋಗಿಗಳಿದ್ದಾರೆ. ಕರಾವಳಿಯಲ್ಲಿ ಓದುವ ಉತ್ತರ ಕರ್ನಾಟಕದ ಮಕ್ಕಳಿದ್ದಾರೆ. ಹುಬ್ಬಳ್ಳಿಯ ವ್ಯಾಪಾರಿಗಳಿಗೆ ಮಂಗಳೂರು ಬಂದರಿನ ಕೆಲಸ ಇದೆ. ಇವರಲ್ಲಿ ಯಾರಿಗೂ ಬೆಂಗಳೂರು ಬೇಕಾಗಿಲ್ಲ.

ಎಲ್ಲ ಜೋಡಿಗೂ ವಿಮಾನ ಬೇಕು ಎಂದು ನಾನು ಹೇಳುತ್ತಿಲ್ಲ. ಮೈಸೂರು–ಬೆಂಗಳೂರು ನಿಲ್ದಾಣಗಳ ನಡುವೆ ಗೆರೆ 156 ಕಿಲೋಮೀಟರ್. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಅಲ್ಲಿ ಕಾರು, ರೈಲೇ ಬೇಗ. ರಸ್ತೆಯಲ್ಲಿ ಆರು ಗಂಟೆಗಿಂತ ಜಾಸ್ತಿ ಹಿಡಿಯುವ, ನಡುವೆ ಘಟ್ಟವೋ ನದಿಯೋ ಅಡ್ಡ ಬರುವ ಜೋಡಿಗಳಲ್ಲಿ ಮಾತ್ರ ನೇರ ವಿಮಾನಕ್ಕೆ ಅರ್ಥ ಇದೆ. ಹುಬ್ಬಳ್ಳಿ–ಮಂಗಳೂರು ಆ ಪಟ್ಟಿಯ ಮೊದಲಿಗೇ ಬರುತ್ತದೆ.

ನೇರ ವಿಮಾನ ಯಾಕೆ ನಿಲ್ಲುವುದಿಲ್ಲ

ಈ ಎರಡು ಊರುಗಳ ನಡುವೆ ನೇರ ವಿಮಾನ ಹಾರಿದ್ದುಂಟು. ಆದರೆ ಬೆಂಗಳೂರಿನ ವಿಮಾನದ ಹಾಗೆ ಅದು ಗಟ್ಟಿಯಾಗಿ ಬೇರೂರಲಿಲ್ಲ. ವಿಮಾನ ಕಂಪನಿಯ ಕಡೆಯಿಂದ ನೋಡಿದರೆ ಕಾರಣ ಅರ್ಥವಾಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ವಿಮಾನದಲ್ಲಿ ಬೆಂಗಳೂರಿನವರಷ್ಟೇ ಇರುವುದಿಲ್ಲ. ಚೆನ್ನೈಗೆ, ಕೊಚ್ಚಿಗೆ, ದುಬೈಗೆ, ಸಿಂಗಪುರಕ್ಕೆ ಹೋಗುವವರೂ ಇರುತ್ತಾರೆ. ಹತ್ತಾರು ಊರಿನ ಪ್ರಯಾಣಿಕರು ಸೇರಿ 78 ಸೀಟು ತುಂಬುತ್ತಾರೆ. ಹುಬ್ಬಳ್ಳಿ–ಮಂಗಳೂರು ವಿಮಾನ ಆ ಎರಡು ಊರಿನವರಿಂದಲೇ ತುಂಬಬೇಕು. ಏರುವಾಗಲೇ ಇಂಧನ ಜಾಸ್ತಿ ಸುಡುವುದು, ಹಾಗಾಗಿ ಸಣ್ಣ ದಾರಿಯಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ಖರ್ಚು ಹೆಚ್ಚು. ಎಂಬತ್ತಕ್ಕಿಂತ ಕಡಿಮೆ ಸೀಟಿನ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಇದೆ. ಅದರಿಂದ ಸ್ವಲ್ಪ ಅನುಕೂಲವೇ, ಆದರೆ ಖಾಲಿ ಸೀಟಿನ ನಷ್ಟವನ್ನು ಅದು ತುಂಬುವುದಿಲ್ಲ.

ಈ ಕೊರತೆ ತುಂಬಲೆಂದೇ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂತು. 2017ರ ಏಪ್ರಿಲ್‌ನಲ್ಲಿ ಶಿಮ್ಲಾ–ದೆಹಲಿ ನಡುವೆ ಮೊದಲ ವಿಮಾನ ಹಾರಿತು. ಒಂದು ಗಂಟೆಯ, ಸುಮಾರು 500 ಕಿಲೋಮೀಟರ್ ಹಾರಾಟಕ್ಕೆ ಅರ್ಧದಷ್ಟು ಸೀಟುಗಳನ್ನು 2,500 ರೂಪಾಯಿಯ ಮಿತಿಯಲ್ಲಿ ಕೊಡಬೇಕು, ಕಂಪನಿಯ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ ಎಂಬುದು ಅದರ ತಿರುಳು. ಒಳ್ಳೆಯ ಯೋಜನೆಯೇ. ಆದರೆ ಮಹಾಲೇಖಪಾಲರ (ಸಿಎಜಿ) 2023ರ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಮೂರನೆಯ ಸುತ್ತಿನ ತನಕ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವು ಮುಗಿದ ಮೇಲೂ 2023ರ ಮಾರ್ಚ್ ತನಕ ಉಳಿದುಕೊಂಡಿದ್ದು ಬರೀ 54. ಹಂಚಿದ ಒಟ್ಟು ಮಾರ್ಗಗಳಲ್ಲಿ ನೂರಕ್ಕೆ ಏಳು.

ನಮ್ಮಲ್ಲೂ ಇದೇ ಆಯಿತು. ಬೆಳಗಾವಿ–ಮೈಸೂರು ನಡುವೆ ಟ್ರೂಜೆಟ್ ನೇರ ವಿಮಾನ ಹಾರಿಸುತ್ತಿತ್ತು. ಗೆರೆಯ ಲೆಕ್ಕದಲ್ಲಿ ಸುಮಾರು 460 ಕಿಲೋಮೀಟರ್. ರಾಜಧಾನಿಯನ್ನು ಮುಟ್ಟದೆ ರಾಜ್ಯದ ಎರಡು ತುದಿಗಳನ್ನು ಜೋಡಿಸಿದ ಅಪರೂಪದ ಮಾರ್ಗ ಅದು. 2022ರ ಹೊತ್ತಿಗೆ ಕಂಪನಿಯ ಹಾರಾಟವೇ ನಿಂತುಹೋಯಿತು. ಬೀದರ್ ನಿಲ್ದಾಣ 2020ರ ಫೆಬ್ರುವರಿಯಲ್ಲಿ ಶುರುವಾಗಿ, ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು ಓಡುತ್ತಿದೆ. ಟರ್ಮಿನಲ್ ಇದೆ, ರನ್‌ವೇ ಇದೆ, ಸಿಬ್ಬಂದಿ ಇದ್ದಾರೆ, ಆದರೆ ಮುಂದಿನ ತಿಂಗಳ ಟಿಕೆಟ್ ತೆಗೆಯಬಹುದೇ ಎಂಬ ಧೈರ್ಯ ಜನಕ್ಕೆ ಬಂದಿಲ್ಲ.

ಈ ಧೈರ್ಯ ಇಲ್ಲದೆ ಸೀಟು ತುಂಬುವುದಿಲ್ಲ. ವಾರಕ್ಕೆ ಮೂರು ದಿನ ಹಾರುವ ವಿಮಾನವನ್ನು ನಂಬಿ ಯಾರು ಕೆಲಸ ಇಟ್ಟುಕೊಳ್ಳುತ್ತಾರೆ? ಸೋಮವಾರ ಡಾಕ್ಟರ್ ಹತ್ತಿರ ಹೋಗಬೇಕಾದವರಿಗೆ ಮಂಗಳವಾರದ ವಿಮಾನ ಬೇಡ. ಬೆಳಿಗ್ಗೆ ಹೋಗಿ ಸಂಜೆ ಬರುವಂತಿಲ್ಲದಿದ್ದರೆ ವ್ಯಾಪಾರಿ ಕಾರನ್ನೇ ತೆಗೆಯುತ್ತಾನೆ. ಆಮೇಲೆ ಕಂಪನಿ 'ಬೇಡಿಕೆ ಇಲ್ಲ' ಎಂದು ವಿಮಾನ ತೆಗೆದುಬಿಡುತ್ತದೆ. ಬೇಡಿಕೆ ಇತ್ತು, ಅದಕ್ಕೆ ಹೊಂದುವ ವೇಳೆ ಇರಲಿಲ್ಲ.

ತ್ರಿಕೋನ

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಒಂದು ದಾರಿ ಇದೆ. ಹುಬ್ಬಳ್ಳಿ–ಮಂಗಳೂರನ್ನು ಪ್ರತ್ಯೇಕ ಮಾರ್ಗವಾಗಿ ನಡೆಸುವ ಬದಲು ಬೆಂಗಳೂರಿನ ಸುತ್ತಿಗೆ ಸೇರಿಸಬಹುದು. ಬೆಳಿಗ್ಗೆ ಬೆಂಗಳೂರು–ಹುಬ್ಬಳ್ಳಿ–ಮಂಗಳೂರು–ಬೆಂಗಳೂರು. ಸಂಜೆ ಅದೇ ವಿಮಾನ ತಿರುಗುಮುರುಗಾಗಿ ಬೆಂಗಳೂರು–ಮಂಗಳೂರು–ಹುಬ್ಬಳ್ಳಿ–ಬೆಂಗಳೂರು. ಒಂದು ಸುತ್ತಿಗೆ 942 ಕಿಲೋಮೀಟರ್. ನಡುವೆ ನಿಲ್ಲುವ ಅರ್ಧರ್ಧ ಗಂಟೆ ಸೇರಿಸಿದರೂ ನಾಲ್ಕೂವರೆಯಿಂದ ಐದು ಗಂಟೆಯಲ್ಲಿ ಮುಗಿಯುತ್ತದೆ. ಒಂದು ಎಟಿಆರ್ ದಿನಕ್ಕೆ ಎರಡು ಸುತ್ತು ಆರಾಮಾಗಿ ಹಾರಬಹುದು. ಆರು ಹಾರಾಟಗಳಲ್ಲಿ ನಾಲ್ಕಕ್ಕೆ ಬೆಂಗಳೂರಿನ ಪ್ರಯಾಣಿಕರು ಇದ್ದೇ ಇರುತ್ತಾರೆ. ನೆರವು ಬೇಕಾಗುವುದು ನಡುವಿನ ಎರಡಕ್ಕೆ ಮಾತ್ರ. ಹುಬ್ಬಳ್ಳಿಯವರು ಬೆಳಿಗ್ಗೆ ಮಂಗಳೂರಿಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಮಂಗಳೂರಿನವರಿಗೆ ಅದೇ ದಿನ ವಾಪಸ್ ಬರುವುದು ಇದರಲ್ಲಿ ಆಗುವುದಿಲ್ಲ, ಒಂದು ರಾತ್ರಿ ಉಳಿಯಬೇಕು. ಅದು ಕೊರತೆಯೇ. ಬೇಕಿದ್ದರೆ ದಿನ ಬಿಟ್ಟು ದಿನ ದಿಕ್ಕು ಬದಲಿಸಬಹುದು.

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಈ ಎರಡು ಹಾರಾಟಗಳಲ್ಲಿ ಇಂತಿಷ್ಟು ಸೀಟಿಗೆ ತಾನೇ ಖಾತ್ರಿ ಕೊಡಬಹುದು. ತುಂಬಿದರೆ ಸರ್ಕಾರಕ್ಕೆ ಖರ್ಚಿಲ್ಲ, ತುಂಬದಿದ್ದರೆ ಅಷ್ಟರ ಹಣ ಕಟ್ಟಬೇಕು. ಹೊಸ ಟರ್ಮಿನಲ್‌ಗೆ ಹಾಕುವ ನೂರಾರು ಕೋಟಿಯ ಮುಂದೆ ಇದು ಸಣ್ಣ ಮೊತ್ತವೇ ಆದೀತು. ಷರತ್ತು ಒಂದೇ ಇರಲಿ: ಕನಿಷ್ಠ ಎರಡು ವರ್ಷ, ದಿನಾ, ಅದೇ ವೇಳೆಗೆ ಹಾರಬೇಕು.

ವಿಜಯಪುರ, ಹಾಸನ, ರಾಯಚೂರಿನಲ್ಲಿ ನಿಲ್ದಾಣಗಳ ಕೆಲಸ ನಡೆದಿದೆ. ಕಾರವಾರದಲ್ಲಿಯೂ ನಾಗರಿಕ ವಿಮಾನಕ್ಕೆ ಜಾಗ ಮಾಡುವ ಯೋಜನೆ ಇದೆ. ಕೇಂದ್ರ 2025ರ ಬಜೆಟ್‌ನಲ್ಲಿ ಉಡಾನ್ ಅನ್ನು ಇನ್ನೂ 120 ಊರುಗಳಿಗೆ ಒಯ್ಯುವುದಾಗಿ ಹೇಳಿದೆ. ಈ ಒಂದೊಂದು ನಿಲ್ದಾಣದ ಉದ್ಘಾಟನೆಗೆ ಮುಂಚೆ ಆ ಊರಿನ ಜನ ಮೂರು ಪ್ರಶ್ನೆ ಕೇಳಬೇಕು. ಇಲ್ಲಿಂದ ಬೆಂಗಳೂರು ಬಿಟ್ಟು ಇನ್ಯಾವ ಊರಿಗೆ ವಿಮಾನ? ವಾರಕ್ಕೆ ಎಷ್ಟು ದಿನ? ನೆರವು ಮುಗಿದ ಮೇಲೆ ಯಾರು ಹಾರಿಸುತ್ತಾರೆ? ರನ್‌ವೇ ಎಷ್ಟು ಉದ್ದ ಎನ್ನುವುದು ಎಲ್ಲ ಭಾಷಣದಲ್ಲೂ ಬರುತ್ತದೆ. ಈ ಮೂರಕ್ಕೆ ಉತ್ತರವನ್ನು ಜಿಲ್ಲೆಯ ಶಾಸಕರು, ಸಂಸದರು ಲಿಖಿತವಾಗಿ ಪಡೆದುಕೊಂಡು ಬರಬೇಕು.